ಹಡಗು ನಿಂತಾಗ ಹುಟ್ಟಿದ ಸೋಪು

ಶಿವಮೊಗ್ಗದ ವೀಕ್ಷಕರೊಬ್ಬರು ನನಗೊಂದು ಪ್ರಶ್ನೆ ಕಳಿಸಿದ್ದರು. ಜರ್ಮನಿಯಲ್ಲಿರೋ ಮಗಳಿಗೆ ದೀಪಾವಳಿಗೆ ಅಂತ ಪಾರ್ಸೆಲ್ ಕಟ್ಟಿದ್ದಾರೆ. ಅದರಲ್ಲಿ ಚಕ್ಕುಲಿ, ಕೋಡುಬಳೆ, ಒಂದು ಸೀರೆ, ಆರು ಮೈಸೂರು ಸ್ಯಾಂಡಲ್ ಸೋಪು, ಒಂದು ಸೆಂಟ್ ಬಾಟಲಿ, ಎರಡು ನೇಲ್ ಪಾಲಿಶ್. ಕೊರಿಯರ್ ಕೌಂಟರ್‌ನಲ್ಲಿದ್ದ ಹುಡುಗ ಡಬ್ಬಿ ಬಿಚ್ಚಿಸಿ, ಸೆಂಟ್ ಮತ್ತು ನೇಲ್ ಪಾಲಿಶ್ ತೆಗೆದು ಪಕ್ಕಕ್ಕಿಟ್ಟ. 'ಇದು ಹೋಗಲ್ಲ ಸಾರ್, ಡೇಂಜರಸ್ ಗೂಡ್ಸ್' ಅಂದ. ಇವರಿಗೆ ಸಿಟ್ಟು ಬಂತು. 'ನನ್ನ ಮಗಳು ಉಗುರಿಗೆ ಹಚ್ಚಿಕೊಳ್ಳೋ ಬಣ್ಣ ಬಾಂಬ್ ಆಗಿದ್ದು ಯಾವಾಗ ಸಾರ್? ಇದರ ಬಗ್ಗೆ ನೀವು ಮಾತಾಡಲೇಬೇಕು' ಅಂತ ಬರೆದಿದ್ದರು.

ಸಿಟ್ಟು ಸಹಜ. ನಮ್ಮ ದುಡ್ಡು, ನಮ್ಮ ಮಗಳು, ನಮ್ಮ ಪ್ರೀತಿ. ನಡುವೆ ಅಡ್ಡ ನಿಲ್ಲೋಕೆ ಇವರ್ಯಾರು ಅಂತ ಅನಿಸುತ್ತೆ. ಆದರೆ ಆ ಪತ್ರ ಓದಿದಾಗ ನನ್ನ ಕಣ್ಣು ನಿಂತಿದ್ದು ಹೊರಗೆ ಬಿದ್ದ ಸೆಂಟಿನ ಮೇಲಲ್ಲ, ಡಬ್ಬಿಯಲ್ಲಿ ಉಳಿದ ಸೋಪಿನ ಮೇಲೆ. ಯಾಕೆ ಗೊತ್ತಾ? ಆ ಸೋಪು ಹುಟ್ಟಿದ್ದೇ ಜರ್ಮನಿಗೆ ನಮ್ಮ ಪಾರ್ಸೆಲ್ ಹೋಗದೇ ಇದ್ದದ್ದರಿಂದ!

ಹೌದು. ಅಲಂಕಾರದ ಸಾಮಾನು, ಸುಗಂಧದ ಸಾಮಾನು ಸಾಗಿಸೋಕೆ ಬಿದ್ದ ತಡೆಗಳ ಚರಿತ್ರೆ ಇವತ್ತಿನ ಕೊರಿಯರ್ ಕೌಂಟರ್‌ನಲ್ಲಿ ಶುರುವಾದದ್ದಲ್ಲ. ನಮ್ಮ ರಾಜ್ಯದ ಮಟ್ಟಿಗೆ ಅದಕ್ಕೆ ಒಂದು ನೂರು ವರ್ಷ ದಾಟಿದೆ. ಒಮ್ಮೆ ಯುದ್ಧ ತಡೆಯಿತು. ಒಮ್ಮೆ ಡಾಲರ್, ಪೌಂಡುಗಳ ಕೊರತೆ ತಡೆಯಿತು. ಈಗ ಬೆಂಕಿಯ ಭಯ ತಡೀತಾ ಇದೆ, ವಿಷದ ಭಯ ತಡೀತಾ ಇದೆ. ಪ್ರತಿ ಸಲ ಬಾಗಿಲು ಮುಚ್ಚಿದಾಗಲೂ ಯಾರೋ ಗೆದ್ದಿದ್ದಾರೆ, ಯಾರೋ ಸೋತಿದ್ದಾರೆ. ಗೆದ್ದವರ ಕಥೆ ನಮಗೆ ಗೊತ್ತು. ಸೋತವರ ಕಥೆಯನ್ನ ನಾವು ಹೇಳೋದು ಕಡಿಮೆ. ಇವತ್ತು ಎರಡನ್ನೂ ಹೇಳ್ತೀನಿ.

ಮೊದಲು 1914ಕ್ಕೆ ಹೋಗೋಣ.

ಆಗ ಮೈಸೂರು ಸಂಸ್ಥಾನಕ್ಕೆ ಸಮುದ್ರವೇ ಇರಲಿಲ್ಲ. ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿತ್ತು. ಆದರೆ ಸಮುದ್ರ ಇಲ್ಲದ ಈ ಸಂಸ್ಥಾನದ ಬೊಕ್ಕಸಕ್ಕೆ ಸಮುದ್ರ ದಾಟಿ ಹೋಗೋ ಒಂದು ಮರದಿಂದ ದೊಡ್ಡ ಆದಾಯ ಬರ್ತಿತ್ತು. ಅದೇ ಶ್ರೀಗಂಧ. ಟಿಪ್ಪು ಸುಲ್ತಾನ್ 1792ರಲ್ಲೇ ಇದನ್ನ ರಾಜವೃಕ್ಷ ಅಂತ ಘೋಷಿಸಿ ಸರ್ಕಾರದ ಸ್ವತ್ತು ಮಾಡಿದ್ದ. ಟಿಪ್ಪು ಹೋದ, ಒಡೆಯರು ಬಂದರು, ನಡುವೆ ಬ್ರಿಟಿಷ್ ಕಮಿಷನರುಗಳು ಬಂದರು. ಆಳುವವರು ಬದಲಾದರೂ ಗಂಧದ ಮೇಲಿನ ಹಿಡಿತವನ್ನ ಮಾತ್ರ ಯಾರೂ ಬಿಡಲಿಲ್ಲ. ಸರ್ಕಾರದ ಗಂಧದ ಕೋಠಿಗಳಲ್ಲಿ ಮರವನ್ನ ಒಪ್ಪ ಮಾಡಿ, ದರ್ಜೆ ಕಟ್ಟಿ, ಹರಾಜು ಹಾಕ್ತಿದ್ದರು. ಕೊಂಡವರು ಬಂದರುಗಳ ಮೂಲಕ ಯುರೋಪಿಗೆ ಕಳಿಸ್ತಿದ್ದರು.

ಅಲ್ಲಿ ದೊಡ್ಡ ಗಿರಾಕಿ ಯಾರು? ಜರ್ಮನಿ. ಲೈಪ್ಜಿಗ್ ಸುತ್ತಮುತ್ತ ಸುಗಂಧ ತೈಲ ತೆಗೆಯೋ ಭಾರಿ ಕಾರ್ಖಾನೆಗಳಿದ್ದವು. ನಮ್ಮ ಕೊರಡು ಅಲ್ಲಿಗೆ ಹೋಗಿ ಎಣ್ಣೆಯಾಗ್ತಿತ್ತು. ಆ ಎಣ್ಣೆ ಪ್ಯಾರಿಸ್ಸಿನ ಅತ್ತರಿಗೆ, ಲಂಡನ್ನಿನ ಸೋಪಿಗೆ, ಔಷಧಿ ಅಂಗಡಿಗೆ ಹೋಗ್ತಿತ್ತು. ಔಷಧಿ ಅಂಗಡಿಗೆ ಯಾಕೆ ಅಂತೀರಾ? ಪೆನಿಸಿಲಿನ್ ಇಲ್ಲದ ಕಾಲದಲ್ಲಿ ಲೈಂಗಿಕ ರೋಗಗಳಿಗೆ, ಮೂತ್ರದ ಸೋಂಕಿಗೆ ವೈದ್ಯರು ಬರೆದುಕೊಡ್ತಿದ್ದ ಮದ್ದುಗಳಲ್ಲಿ ಗಂಧದೆಣ್ಣೆಯೂ ಒಂದು. ಬ್ರಿಟಿಷ್ ಅಧಿಕೃತ ಔಷಧ ಕೋಶದಲ್ಲೇ ಅದರ ಹೆಸರಿತ್ತು. ಅಂದರೆ ಮರ ನಮ್ಮದು, ಬೆವರು ನಮ್ಮದು, ಲಾಭ ಮಾತ್ರ ಅವರದು. ಸೌದೆ ಮಾರಿದ ಹಾಗೆ ಶ್ರೀಗಂಧ ಮಾರ್ತಿದ್ದೆವು.

1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯ್ತು. ಬ್ರಿಟನ್ ಮತ್ತು ಜರ್ಮನಿ ಎದುರುಬದುರು. ಬ್ರಿಟಿಷರ ಅಧೀನದಲ್ಲಿದ್ದ ಯಾರೂ ಶತ್ರು ದೇಶದ ಜೊತೆ ವ್ಯಾಪಾರ ಮಾಡೋ ಹಾಗಿಲ್ಲ. ಒಂದೇ ಏಟಿಗೆ ದೊಡ್ಡ ಗಿರಾಕಿ ಮಾಯ. ಉಳಿದ ದೇಶಗಳಿಗಾದರೂ ಕಳಿಸೋಣ ಅಂದರೆ ಸಮುದ್ರ ಸುರಕ್ಷಿತ ಅಲ್ಲ. ಎಮ್ಡನ್ ಅನ್ನೋ ಜರ್ಮನ್ ಯುದ್ಧನೌಕೆ ಬಂಗಾಳ ಕೊಲ್ಲಿಯಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳನ್ನ ಒಂದಾದ ಮೇಲೊಂದು ಹಿಡಿದು ಮುಳುಗಿಸ್ತಾ ಬಂತು. ಸೆಪ್ಟೆಂಬರ್ 22ರ ರಾತ್ರಿ ಮದ್ರಾಸ್ ಬಂದರಿಗೇ ನುಗ್ಗಿ, ದಡದಲ್ಲಿದ್ದ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿ ಬೆಂಕಿ ಹಚ್ಚಿ ಹೋಯ್ತು. ಇವತ್ತಿಗೂ ತಮಿಳಿನಲ್ಲಿ ಮಹಾ ಚಾಲಾಕಿ ಮನುಷ್ಯನನ್ನ 'ಎಮ್ಡನ್' ಅನ್ನೋದು ಆ ರಾತ್ರಿಯ ನೆನಪಿನಿಂದಲೇ. ನವೆಂಬರ್ 9ರಂದು ಕೋಕೋಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ನೌಕೆ ಅದನ್ನ ಹೊಡೆದು ಹಾಕೋವರೆಗೂ ಹಡಗಿನವರ ಎದೆ ಢವಢವ ಅಂತಿತ್ತು. ಆಮೇಲೂ ಪರಿಸ್ಥಿತಿ ಸುಧಾರಿಸಲಿಲ್ಲ. ಹಡಗುಗಳೆಲ್ಲ ಸೈನಿಕರನ್ನ, ಕುದುರೆಗಳನ್ನ, ಗೋಧಿಯನ್ನ ಸಾಗಿಸೋಕೆ ಹೋದವು. ಸುಗಂಧದ ಮರ ಯಾರಿಗೆ ಬೇಕು?

ಕೋಠಿಗಳಲ್ಲಿ ಗಂಧ ರಾಶಿ ಬಿತ್ತು. ಹರಾಜಿಗೆ ಕೂಗೋರಿಲ್ಲ. ಬೊಕ್ಕಸಕ್ಕೆ ಬರಬೇಕಾದ ಹಣ ನಿಂತಿತು.

ಈ ಜಾಗದಲ್ಲಿ ಒಂದು ನಿಮಿಷ ನಿಲ್ಲಿ. ಇಂಥ ಹೊತ್ತಲ್ಲಿ ಸರ್ಕಾರಗಳು ಸಾಮಾನ್ಯವಾಗಿ ಏನು ಮಾಡ್ತವೆ? ಒಂದು, ಯುದ್ಧ ಮುಗೀಲಿ ಅಂತ ಕೈಕಟ್ಟಿ ಕೂರ್ತವೆ. ಎರಡು, ಸಿಕ್ಕಷ್ಟಕ್ಕೆ ದಲ್ಲಾಳಿಗಳಿಗೆ ಮಾರಿ ಕೈತೊಳಕೊಳ್ತವೆ. ಮೈಸೂರು ಎರಡನ್ನೂ ಮಾಡಲಿಲ್ಲ. ಸಿಂಹಾಸನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಇದ್ದರು. ದಿವಾನರ ಕುರ್ಚಿಯಲ್ಲಿ ಎಂ. ವಿಶ್ವೇಶ್ವರಯ್ಯ ಇದ್ದರು. ಕೈಗಾರಿಕಾ ಇಲಾಖೆಗೆ ಆಲ್ಫ್ರೆಡ್ ಚಾಟರ್ಟನ್ ಅನ್ನೋ ಆಂಗ್ಲ ಎಂಜಿನಿಯರ್ ಮುಖ್ಯಸ್ಥ. ಮದ್ರಾಸಿನಲ್ಲಿ ಅಲ್ಯೂಮಿನಿಯಂ ಪಾತ್ರೆಯ ಉದ್ಯಮ ಶುರು ಮಾಡಿಸಿದ್ದ ಮನುಷ್ಯ ಈತ. ಬೆಂಗಳೂರಲ್ಲಿ ಹೊಸದಾಗಿ ಬಾಗಿಲು ತೆರೆದಿದ್ದ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ, ಕೂಗಳತೆಯ ದೂರದಲ್ಲಿತ್ತು. ಅಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಅನ್ನೋ ಇಬ್ಬರು ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಜರ್ಮನರು ಮಾಡೋ ಕೆಲಸ ನಾವೇ ಮಾಡೋಕಾಗುತ್ತಾ ಅನ್ನೋ ಪ್ರಶ್ನೆ ಅವರ ಮುಂದೆ ಹೋಯ್ತು.

ಕೆಲಸ ಸುಲಭದ್ದಲ್ಲ. ಗಂಧದ ಎಣ್ಣೆ ಎಲೆಯಲ್ಲೋ ಹೂವಲ್ಲೋ ಇರೋದಲ್ಲ; ಮರದ ಚೇಗಿನಲ್ಲಿ, ಬೇರಿನಲ್ಲಿ ಅಡಗಿರುತ್ತೆ. ಮರವನ್ನ ಪುಡಿ ಮಾಡಬೇಕು, ಹಬೆ ಹಾಯಿಸಬೇಕು, ಗಂಟೆಗಟ್ಟಲೆ ಅಲ್ಲ, ದಿನಗಟ್ಟಲೆ ಕಾಯಬೇಕು. ಒಂದು ಟನ್ ಒಳ್ಳೇ ಚೇಗಿನಿಂದ ಸಿಗೋದು 40ರಿಂದ 60 ಕಿಲೋ ಎಣ್ಣೆ. ಅದರ ಗುಣಮಟ್ಟ ಹೊರದೇಶದ ಪರೀಕ್ಷೆಯಲ್ಲಿ ಪಾಸಾಗಬೇಕು. ಮೊದಲು ಬೆಂಗಳೂರಲ್ಲಿ ಸಣ್ಣದಾಗಿ ಪ್ರಯೋಗ ನಡೆಯಿತು. 1916ರಲ್ಲಿ ಎಣ್ಣೆ ತೆಗೆಯೋ ಕೆಲಸ ಕಾರ್ಖಾನೆಯ ರೂಪ ಪಡೀತು, ಮೈಸೂರಿನಲ್ಲಿ ದೊಡ್ಡ ಘಟಕ ಎದ್ದಿತು.

ಲೆಕ್ಕ ನೋಡಿ ಎಷ್ಟು ಚೆನ್ನಾಗಿದೆ. ಹಡಗಿನಲ್ಲಿ ಜಾಗ ಇಲ್ಲ ಅನ್ನೋದೇ ತಾನೇ ಸಮಸ್ಯೆ? ಒಂದು ಟನ್ ಕೊರಡಿಗೆ ಬೇಕಾದ ಜಾಗ ಎಲ್ಲಿ, ಐವತ್ತು ಕಿಲೋ ಎಣ್ಣೆಗೆ ಬೇಕಾದ ಜಾಗ ಎಲ್ಲಿ? ಸಾಗಣೆಯ ತಡೆಯೇ ಸಾಗಿಸೋ ವಸ್ತುವನ್ನ ಬದಲಾಯಿಸಿತು. ಕೊರಡು ಹೋಗದಿದ್ದರೆ ಎಣ್ಣೆ ಹೋಗಲಿ ಅಂದರು. ಎಣ್ಣೆ ಹೋಯ್ತು. ಯುದ್ಧ ಮುಗಿದ ಮೇಲೆ ಕೊರಡು ಮಾರೋ ಹಳೇ ದಾರಿಗೆ ಮೈಸೂರು ಮರಳಿ ಹೋಗಲೇ ಇಲ್ಲ.

ಎಣ್ಣೆ ಆದ ಮೇಲೆ ಸೋಪು. ವಿದೇಶಿ ಅತಿಥಿಯೊಬ್ಬರು ನಮ್ಮ ಗಂಧದೆಣ್ಣೆಯಿಂದಲೇ ಮಾಡಿದ ಸೋಪನ್ನ ಮಹಾರಾಜರಿಗೆ ಉಡುಗೊರೆ ಕೊಟ್ಟರು, ಇದನ್ನ ನಾವೇ ಯಾಕೆ ಮಾಡಬಾರದು ಅಂತ ಅರಸರಿಗೆ ಅನಿಸಿತು ಅನ್ನೋ ಕಥೆ ಮೈಸೂರು ಕಡೆ ಜನಜನಿತ. ಕಥೆಯ ಹಿಂದಿನ ಕೆಲಸ ಮಾಡಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಸರ್ಕಾರ ಅವರನ್ನ ಇಂಗ್ಲೆಂಡಿಗೆ ಕಳಿಸಿ ಸೋಪಿನ ತಂತ್ರ ಕಲಿಸಿತು. ವಾಪಸ್ ಬಂದು ಸೋಪು ಮಾಡಿದರು, 'ಸೋಪ್ ಶಾಸ್ತ್ರಿ' ಅಂತಲೇ ಹೆಸರಾದರು. ಬೆಂಗಳೂರಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಬಂತು. ಸಿಂಹದ ಮೈ, ಆನೆಯ ತಲೆಯ ಶರಭ ಅದರ ಗುರುತಾಯ್ತು. ಆ ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕಡೆ ಬಂತು. ಇವತ್ತು ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗೋರು 'ಸ್ಯಾಂಡಲ್ ಸೋಪ್ ಫ್ಯಾಕ್ಟರಿ' ನಿಲ್ದಾಣ ಅಂತ ದಿನಾ ಕೇಳ್ತಾರಲ್ಲ, ಅದೇ. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ, 1980ರಲ್ಲಿ ಎಲ್ಲವನ್ನೂ ಸೇರಿಸಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಅನ್ನೋ ಕಂಪನಿ.

ನನ್ನ ಪ್ರಕಾರ ಇದರಲ್ಲಿ ಪಾಠ ಒಂದೇ. ಬಾಗಿಲು ಮುಚ್ಚಿದ್ದಕ್ಕೆ ಸೋಪು ಹುಟ್ಟಲಿಲ್ಲ. ಬಾಗಿಲು ಮುಚ್ಚಿದಾಗ ಒಳಗೆ ಒಂದು ಪ್ರಯೋಗಾಲಯ ಇತ್ತು, ಕಲಿಯೋಕೆ ಕಳಿಸೋ ಸರ್ಕಾರ ಇತ್ತು, ಕಲಿತು ಬಂದ ಶಾಸ್ತ್ರಿಗಳಿದ್ದರು. ಅದಕ್ಕೇ ಹುಟ್ಟಿತು. ಬರೀ ನಿಷೇಧ ಹಾಕಿದರೆ ಕೈಗಾರಿಕೆ ಬೆಳೆಯುತ್ತೆ ಅನ್ನೋರಿಗೆ ಇದನ್ನ ಒತ್ತಿ ಹೇಳಬೇಕು.

ಎರಡನೇ ತಡೆ ನಾವೇ ಹಾಕಿಕೊಂಡದ್ದು. ಸ್ವಾತಂತ್ರ್ಯ ಬಂದ ಹೊಸತು. ಯಂತ್ರ ತರಬೇಕು, ಧಾನ್ಯ ತರಬೇಕು, ಕೈಯಲ್ಲಿ ವಿದೇಶಿ ವಿನಿಮಯ ಇಲ್ಲ. ಅಂಥ ಹೊತ್ತಲ್ಲಿ ಅನುಕೂಲಸ್ಥರ ಮನೆಯ ಲಿಪ್‌ಸ್ಟಿಕ್, ಪೌಡರ್, ಕ್ರೀಮು ಎಲ್ಲಾ ಹಡಗಿನಲ್ಲಿ ಹೊರಗಿಂದ ಬರ್ತಿತ್ತು. ದೇಶದ ಅಮೂಲ್ಯ ಹಣ ಮುಖಕ್ಕೆ ಹಚ್ಚೋ ಬಣ್ಣಕ್ಕೆ ಹೋಗ್ತಿದೆಯಲ್ಲ ಅಂತ ಪ್ರಧಾನಿ ನೆಹರೂ ಅವರಿಗೆ ಚಿಂತೆ. ಅವರು ಜೆಆರ್‌ಡಿ ಟಾಟಾ ಅವರಿಗೆ ಹೇಳಿದರು, 1952ರಲ್ಲಿ ಟಾಟಾ ಆಯಿಲ್ ಮಿಲ್ಸ್‌ನ ಅಂಗವಾಗಿ ಲ್ಯಾಕ್ಮೆ ಹುಟ್ಟಿತು. ಹೆಸರು ಫ್ರೆಂಚ್ ಸಂಗೀತ ನಾಟಕವೊಂದರದ್ದು. ಅದರ ಮೂಲ ನಮ್ಮ ಲಕ್ಷ್ಮಿಯೇ. 1961ರಲ್ಲಿ ಆಡಳಿತ ಮಂಡಳಿಗೆ ಬಂದ ಸಿಮೋನ್ ಟಾಟಾ ಅದನ್ನ ಮನೆಮಾತು ಮಾಡಿದರು. ನಮ್ಮ ಅಮ್ಮಂದಿರ ಡ್ರೆಸಿಂಗ್ ಟೇಬಲ್ ಮೇಲೆ ಇದ್ದ ಆ ಪುಟ್ಟ ಡಬ್ಬಿಯ ಹಿಂದೆ ದೇಶದ ವಿದೇಶಿ ವಿನಿಮಯದ ಲೆಕ್ಕ ಇತ್ತು ಅಂದರೆ ನಂಬ್ತೀರಾ?

ಆದರೆ ಈ ತಡೆಗೆ ಇನ್ನೊಂದು ಮುಖ ಇತ್ತು. ಆಮದು ಲೈಸೆನ್ಸ್ ದಶಕಗಟ್ಟಲೆ ಮುಂದುವರಿಯಿತು. ಸ್ಪರ್ಧೆ ಇಲ್ಲದ ಕಡೆ ಗುಣಮಟ್ಟ ಮಲಗುತ್ತೆ. 'ಫಾರಿನ್ ಸೆಂಟ್' ಅನ್ನೋದು ಅಂತಸ್ತಿನ ಗುರುತಾಯ್ತು. ಮದ್ರಾಸಿನ ಬರ್ಮಾ ಬಜಾರ್, ನಮ್ಮ ಕರಾವಳಿಯ ಭಟ್ಕಳದ ಅಂಗಡಿಗಳು ಫಾರಿನ್ ಸಾಮಾನಿಗೆ ಹೆಸರಾದವು. ಗಲ್ಫಿನಿಂದ ರಜೆಗೆ ಬಂದ ಮಗ ಸೂಟ್‌ಕೇಸ್ ಬಿಚ್ಚಿದರೆ ಮನೆಯಷ್ಟೇ ಅಲ್ಲ, ಇಡೀ ಕೇರಿ ಪರಿಮಳ. ಮಾವನಿಗೊಂದು ಬಾಟಲಿ, ಭಾವನಿಗೊಂದು ಬಾಟಲಿ, ಮೇಷ್ಟ್ರಿಗೊಂದು ಸೋಪು. ಬೇಡಿಕೆಯನ್ನ ಕಾನೂನು ಕೊಲ್ಲಲಿಲ್ಲ, ಅಡ್ಡದಾರಿಗೆ ತಳ್ಳಿತು, ಅಷ್ಟೇ. ಕೊನೆಗೆ 2001ರ ಏಪ್ರಿಲ್ 1ಕ್ಕೆ ಬಳಕೆ ವಸ್ತುಗಳ ಮೇಲಿನ ಆಮದು ಪ್ರಮಾಣದ ಮಿತಿಗಳು ಹೋದವು. ಅಷ್ಟು ಹೊತ್ತಿಗೆ ಟಾಟಾ ಅವರು ಲ್ಯಾಕ್ಮೆಯನ್ನೇ ಹಿಂದೂಸ್ತಾನ್ ಲಿವರ್‌ಗೆ ಮಾರಿಯಾಗಿತ್ತು. ವಿದೇಶಿ ಮಾಲು ತಡೆಯೋಕೆ ಅಂತ ಹುಟ್ಟಿದ ಹೆಸರು ಬಹುರಾಷ್ಟ್ರೀಯ ಕಂಪನಿಯ ಮನೆ ಸೇರಿತು. ಚರಿತ್ರೆಗೂ ತಮಾಷೆ ಪ್ರಜ್ಞೆ ಇದೆ.

ಈಗ ಶಿವಮೊಗ್ಗದ ವೀಕ್ಷಕರ ಪ್ರಶ್ನೆಗೆ ಬರೋಣ. ಉಗುರಿನ ಬಣ್ಣ ಬಾಂಬ್ ಆಗಿದ್ದು ಯಾವಾಗ?

ಸೆಂಟಿನಲ್ಲಿ ಪರಿಮಳದ ಎಣ್ಣೆ ಇರೋದು ಸ್ವಲ್ಪ. ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಆಲ್ಕೋಹಾಲ್. ಒಂದು ದ್ರವದಿಂದ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಏಳೋ ಉಷ್ಣತೆಗೆ ಫ್ಲಾಶ್ ಪಾಯಿಂಟ್ ಅಂತಾರೆ. ಅದು 60 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಾಗಣೆ ನಿಯಮದಲ್ಲಿ ಅದು ದಹಿಸುವ ದ್ರವ, ಮೂರನೇ ವರ್ಗ. ಶುದ್ಧ ಆಲ್ಕೋಹಾಲಿಗೆ ಅದು ಸುಮಾರು 13 ಡಿಗ್ರಿ. ಅಂದರೆ ಬೆಂಗಳೂರಿನ ಚಳಿಗಾಲದ ಮಧ್ಯಾಹ್ನವೂ ಅದಕ್ಕೆ ಸಾಕು. ನೇಲ್ ಪಾಲಿಶ್ ತೆಗೆಯೋ ಅಸಿಟೋನ್‌ಗಂತೂ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಸೆಂಟಿಗೆ 1266 ಅನ್ನೋ ಸಂಖ್ಯೆ ಇದೆ. ನೇಲ್ ಪಾಲಿಶ್ ಗೋಡೆಗೆ ಬಳಿಯೋ ಪೇಂಟಿನ ಜೊತೆ 1263ರಲ್ಲಿ ಬರುತ್ತೆ. ಡಿಯೋಡರೆಂಟ್ ಸ್ಪ್ರೇ ಡಬ್ಬಿ 1950. ನಮ್ಮ ಕಣ್ಣಿಗೆ ಅಲಂಕಾರ, ಸಾಗಿಸೋರ ಕಣ್ಣಿಗೆ ಇಂಧನ.

ಈ ಪಟ್ಟಿ ಯಾರೋ ಕಚೇರಿಯಲ್ಲಿ ಕೂತು ಬೇಜಾರಿಗೆ ಬರೆದದ್ದಲ್ಲ. ಹೆಣಗಳ ಮೇಲೆ ಬರೆದ ಪಟ್ಟಿ ಅದು. 1944ರ ಏಪ್ರಿಲ್ 14. ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಅನ್ನೋ ಹಡಗು ನಿಂತಿತ್ತು. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ, ಜೊತೆಗೇ ಹತ್ತಿಯ ಬೇಲುಗಳು, ಎಣ್ಣೆ, ಚಿನ್ನದ ಗಟ್ಟಿ. ಹತ್ತಿ ಪಕ್ಕ ಸ್ಫೋಟಕ ಇಟ್ಟರೆ ಏನಾಗುತ್ತೆ ಅಂತ ಹೇಳೋಕೆ ವಿಜ್ಞಾನಿ ಬೇಕಾ? ಮಧ್ಯಾಹ್ನ ಹತ್ತಿಗೆ ಬೆಂಕಿ ಬಿತ್ತು, ಸಂಜೆ ನಾಲ್ಕು ದಾಟುತ್ತಿದ್ದ ಹಾಗೆ ಹಡಗು ಸಿಡಿಯಿತು. ನೂರಾರು ಜನ ಸತ್ತರು, ಡಾಕ್ ಸುತ್ತಲಿನ ಬಡಾವಣೆಗಳು ಉರಿದವು. ಆರಿಸೋಕೆ ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಬದುಕಿ ಬರಲಿಲ್ಲ. ಇವತ್ತಿಗೂ ದೇಶದಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. ಯಾವುದರ ಪಕ್ಕ ಯಾವುದನ್ನ ಇಡಬಾರದು ಅನ್ನೋ ಪ್ರಶ್ನೆಯ ಬೆಲೆ ಎಷ್ಟು ಅಂತ ಆ ಹಡಗು ತೋರಿಸಿತು. 1956ರಲ್ಲಿ ಅಪಾಯಕಾರಿ ಸರಕಿನ ಬಗ್ಗೆ ವಿಶ್ವಸಂಸ್ಥೆಯ ಮೊದಲ ಶಿಫಾರಸುಗಳು ಬಂದವು.

ವಿಮಾನದಲ್ಲಿ ಇನ್ನೂ ಕಷ್ಟ. ಹಡಗಿನಿಂದ ನೀರಿಗೆ ಹಾರಬಹುದು, ಲಾರಿ ನಿಲ್ಲಿಸಿ ಇಳೀಬಹುದು. ಮೂವತ್ತು ಸಾವಿರ ಅಡಿ ಮೇಲೆ ಎಲ್ಲಿಗೆ ಹೋಗ್ತೀರಿ? 1973ರ ನವೆಂಬರ್ 3ರಂದು ನ್ಯೂಯಾರ್ಕಿನಿಂದ ಹೊರಟ ಪ್ಯಾನ್ ಆಮ್ 160 ಅನ್ನೋ ಸರಕು ವಿಮಾನದಲ್ಲಿ ನೈಟ್ರಿಕ್ ಆಮ್ಲದ ಬಾಟಲಿಗಳಿದ್ದವು. ಅವುಗಳ ಸುತ್ತ ತುಂಬಿದ್ದು ಮರದ ಹೊಟ್ಟು! ಆಮ್ಲ ಸೋರಿತು, ಹೊಟ್ಟು ಹೊಗೆಯಾಡಿತು, ಕಾಕ್‌ಪಿಟ್ ತುಂಬಾ ಹೊಗೆ. ಬಾಸ್ಟನ್‌ನಲ್ಲಿ ಇಳಿಸೋಕೆ ಹೋಗಿ ವಿಮಾನ ಬಿತ್ತು, ಮೂವರೂ ಸತ್ತರು. ಮರುವರ್ಷ ಕಳೆಯೋದರೊಳಗೆ ಅಮೆರಿಕದ ಸಂಸತ್ತು ಅಪಾಯಕಾರಿ ಸರಕಿಗೆ ಹೊಸ ಕಾನೂನು ಒಪ್ಪಿತು. 1981ರಲ್ಲಿ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇಡೀ ಜಗತ್ತಿಗೆ ಒಂದೇ ನಿಯಮ ತಂದಿತು. ನಮ್ಮ ದೇಶದ ನಿಯಮಾವಳಿ 2003ರಲ್ಲಿ ಬಂತು. ನಡುವೆ 1996ರಲ್ಲಿ ಫ್ಲಾರಿಡಾದಲ್ಲಿ ವ್ಯಾಲ್ಯುಜೆಟ್ ವಿಮಾನ ತಪ್ಪು ಚೀಟಿ ಅಂಟಿಸಿದ ಆಮ್ಲಜನಕದ ಉಪಕರಣಗಳಿಂದ ಉರಿದು ಬಿದ್ದು 110 ಜನರನ್ನ ಕೊಂದಿತು.

ಇವುಗಳಲ್ಲಿ ಯಾವುದರಲ್ಲೂ ಸೆಂಟ್ ಬಾಟಲಿ ಅಪರಾಧಿ ಅಲ್ಲ, ನಿಜ. ಆದರೆ ಸರಕು ಕೋಣೆಯಲ್ಲಿ ಮನುಷ್ಯರಿರಲ್ಲ. ಒಂದು ಬಾಟಲಿ ಒಡೆದರೆ ಯಾರಿಗೂ ಕಾಣಲ್ಲ. ನಿಮ್ಮದೊಂದೇ ಬಾಟಲಿ ಏನೂ ಮಾಡದೇ ಇರಬಹುದು. ಹಬ್ಬದ ವಾರ ಸಾವಿರ ಜನ ಒಂದೊಂದು ಬಾಟಲಿ ಹೇಳದೇ ಇಟ್ಟರೆ? ಪಕ್ಕದ ಡಬ್ಬಿಯಲ್ಲಿ ಯಾರದೋ ಹಾಳಾದ ಮೊಬೈಲ್ ಬ್ಯಾಟರಿ ಇದ್ದರೆ? ಕಂಪನಿಗಳು ಕಳಿಸ್ತವಲ್ಲ ಅಂತೀರಿ. ಅವರು ತರಬೇತಿ ಪಡೆದವರ ಕೈಲಿ ಪ್ಯಾಕ್ ಮಾಡಿಸಿ, ಕೆಂಪು ಚೌಕದ ಜ್ವಾಲೆಯ ಗುರುತು ಅಂಟಿಸಿ, ಘೋಷಣಾ ಪತ್ರ ಬರೆದು ಕಳಿಸ್ತಾರೆ. ಮನೆಯಿಂದ ಕಟ್ಟಿದ ಡಬ್ಬಿಗೆ ಅದೆಲ್ಲ ಇರಲ್ಲ. ಅದಕ್ಕೇ ಆ ಹುಡುಗ ಬೇಡ ಅಂದದ್ದು. ಅವನು ಮಾಡಿದ್ದು ಸರಿ. ಊರಿಗೆ ಬಂದವರ ಚೆಕ್-ಇನ್ ಬ್ಯಾಗಿನಲ್ಲಿ ಕಳಿಸಿಕೊಡಿ; ಒಂದೊಂದು ಅರ್ಧ ಲೀಟರ್ ಮೀರದ ಹಾಗೆ, ಎಲ್ಲಾ ಸೇರಿ ಎರಡು ಲೀಟರ್‌ವರೆಗೆ ಪ್ರಯಾಣಿಕರಿಗೆ ಸಾಮಾನ್ಯವಾಗಿ ಅವಕಾಶ ಇದೆ. ಸೋಪಿಗೆ ಈ ಬೆಂಕಿಯ ತಡೆ ಇಲ್ಲ. ಶುದ್ಧ ಗಂಧದೆಣ್ಣೆಯೂ ಅಷ್ಟು ಸುಲಭವಾಗಿ ಹೊತ್ತಿಕೊಳ್ಳೋದಲ್ಲ.

ಇನ್ನೊಂದು ತಡೆ ವಿಷದ್ದು. ಚರ್ಮ ಬೆಳ್ಳಗಾಗಿಸ್ತೀವಿ ಅನ್ನೋ ಕ್ರೀಮುಗಳಲ್ಲಿ ಪಾದರಸ ಹಾಕ್ತಾರೆ. ಮಿನಮಾಟಾ ಒಪ್ಪಂದದ ಪ್ರಕಾರ ಇಂಥ ಕ್ರೀಮುಗಳನ್ನ 2020ರ ನಂತರ ಮಾಡೋ ಹಾಗಿಲ್ಲ, ದೇಶದಿಂದ ದೇಶಕ್ಕೆ ಸಾಗಿಸೋ ಹಾಗಿಲ್ಲ. ಆದರೂ ಬರ್ತವೆ. 2023ರಲ್ಲಿ ನಮ್ಮ ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಅಪರೂಪದ ಕಾಯಿಲೆಯ ರೋಗಿಗಳು ಬಂದಾಗ ವೈದ್ಯರು ಜಾಡು ಹಿಡಿದು ಹೋದರೆ, ಸಿಕ್ಕಿದ್ದು ಹೆಸರು ವಿಳಾಸ ಸರಿಯಾಗಿಲ್ಲದ ಫೇರ್‌ನೆಸ್ ಕ್ರೀಮ್. ಆಮದು ಮಾಡೋ ಅಲಂಕಾರ ವಸ್ತುವಿಗೆ ಕೇಂದ್ರದ ನೋಂದಣಿ ಬೇಕು ಅನ್ನೋ ನಿಯಮ ಕಿರಿಕಿರಿ ಅನಿಸಿದಾಗ ಮಲಪ್ಪುರಂ ನೆನಪು ಮಾಡಿಕೊಳ್ಳಿ.

ಹಾಗಾದರೆ ಸೋತವರು ಯಾರು ಅಂದೆನಲ್ಲ? ಈಗ ಅವರ ಕಥೆ.

ಶ್ರೀಗಂಧದ ಮೇಲೆ ಎರಡು ತಡೆ ಇದ್ದವು. ಒಂದು ಹಡಗಿನ ತಡೆ. ಅದು ನಮಗೆ ಕಾರ್ಖಾನೆ ಕೊಟ್ಟಿತು. ಇನ್ನೊಂದು ರೈತನ ಮೇಲಿನ ತಡೆ. ಟಿಪ್ಪು ಕಾಲದಿಂದ ಬಂದ ಆ ನಿಯಮದ ಪ್ರಕಾರ ನಿಮ್ಮ ಹೊಲದ ಬದುವಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಗಂಧ ಹುಟ್ಟಿದರೂ ಅದು ಸರ್ಕಾರದ್ದು. ನಿಮ್ಮದು ನೆಲ ಮಾತ್ರ. ಮರ ಕಳುವಾದರೆ ಪೊಲೀಸರು, ಅರಣ್ಯ ಇಲಾಖೆಯವರು ಮೊದಲು ಬಂದು ಕೇಳೋದು ನಿಮ್ಮನ್ನೇ. ಅಂಥ ಮರವನ್ನ ಯಾವ ರೈತ ಸಾಕ್ತಾನೆ ಹೇಳಿ? ಮೊಳಕೆ ಕಂಡ ಕೂಡಲೇ ಕಿತ್ತು ಬಿಸಾಕ್ತಿದ್ದ. ಹಳ್ಳಿಯ ಕಡೆ ಹಿರಿಯರನ್ನ ಕೇಳಿ, ಹೇಳ್ತಾರೆ. ಊರಿಗೆ ಸಂಪತ್ತಾಗಬೇಕಿದ್ದ ಮರ ಮನೆಗೆ ಆಪತ್ತಾಯ್ತು.

ಇತ್ತ ಕಾಡಿನಲ್ಲಿ ಸ್ಪೈಕ್ ರೋಗ. 1899ರಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡದ್ದು ಮರಗಳನ್ನ ಸಾಲು ಸಾಲಾಗಿ ಒಣಗಿಸಿತು. ಅತ್ತ ಕಳ್ಳರು. ವೀರಪ್ಪನ್ ಹೆಸರು ಕೇಳಿದರೆ ಎರಡು ರಾಜ್ಯ ನಡುಗಿದ ಕಾಲ ನಿಮಗೆ ನೆನಪಿದೆ. ಗಂಧದ ಬೇರಿನಲ್ಲೂ ಎಣ್ಣೆ ಇರೋದರಿಂದ ಕಡಿದರೆ ಮತ್ತೆ ಚಿಗುರಲಿ ಅಂತ ಬಿಡೋದಿಲ್ಲ, ಬುಡಸಮೇತ ಕೀಳ್ತಾರೆ. ಹಾಗಾಗಿ ಒಂದು ಮರ ಹೋದರೆ ಪೂರ್ತಿ ಹೋಯ್ತು. ಒಂದು ಕಾಲಕ್ಕೆ ಕೊಳ್ಳೋರಿಲ್ಲದೆ ರಾಶಿ ಬಿದ್ದಿದ್ದ ಮರ, ಕಾರ್ಖಾನೆಗಳಿಗೇ ಸಾಕಾಗದ ಸ್ಥಿತಿ ಬಂತು.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂತು. ಜಮೀನಿನಲ್ಲಿರೋ ಗಂಧದ ಮರ ಜಮೀನುದಾರನದ್ದೇ ಅಂತ ಆಯ್ತು. ಅಂದರೆ 1792ರಿಂದ ಲೆಕ್ಕ ಹಾಕಿದರೆ 209 ವರ್ಷ ಬೇಕಾಯ್ತು, ರೈತನ ಮರ ರೈತನದ್ದು ಅಂತ ಒಪ್ಪೋಕೆ! ಈ ನಡುವೆ ಏನಾಯ್ತು ಗೊತ್ತಾ? ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಕುನುನರಾ ಅನ್ನೋ ಊರಿನ ಸುತ್ತ ನಮ್ಮದೇ ಜಾತಿಯ ಶ್ರೀಗಂಧವನ್ನ ಸಾವಿರಾರು ಎಕರೆಯಲ್ಲಿ ಸಾಲಾಗಿ ನೆಟ್ಟರು. ಓರ್ಡ್ ನದಿಯ ನೀರು ಹಾಯಿಸಿದರು. ಅಲ್ಲಿ ಅದು ಬೆಳೆ. ಇಲ್ಲಿ ಮಾತ್ರ ಅದು ಭಯ.

ತಿದ್ದುಪಡಿ ಬಂದ ಮೇಲೆ ನೆಟ್ಟ ರೈತರು ನಮ್ಮಲ್ಲೂ ಇದ್ದಾರೆ. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ಹೋದರೆ ಕಾಣ್ತಾರೆ. ಚೇಗು ಕಟ್ಟೋಕೆ ಹದಿನೈದು ಇಪ್ಪತ್ತು ವರ್ಷ ಬೇಕು. ಆ ಮರಗಳು ಈಗ ಪ್ರಾಯಕ್ಕೆ ಬಂದಿವೆ, ರೈತನ ನಿದ್ದೆ ಹೋಗಿದೆ. ರಾತ್ರಿ ನಾಯಿ ಬೊಗಳಿದರೆ ಟಾರ್ಚ್ ಹಿಡಿದು ಎದ್ದು ಹೋಗಬೇಕು. ಬೇಲಿ, ಕ್ಯಾಮರಾ, ಕಾವಲು, ಎಲ್ಲಾ ಅವನ ಖರ್ಚು. ಕಡಿಯೋಕೆ ಇಲಾಖೆಯ ಅನುಮತಿ ಬೇಕು. ಮಾರಾಟಕ್ಕೂ ಕಟ್ಟುಪಾಡುಗಳಿವೆ. ಕೊರಡಿನ ರೂಪದಲ್ಲಿ ರಫ್ತಿಗೆ ನಿಷೇಧ ಇದೆ. ಆ ನಿಷೇಧವನ್ನ ನಾನು ವಿರೋಧಿಸೋದಿಲ್ಲ. 1914ರ ಪಾಠವೇ ಅದು, ಕೊರಡು ಮಾರಬೇಡಿ, ಎಣ್ಣೆ ಮಾರಿ ಅಂತ. ನನ್ನ ಪ್ರಶ್ನೆ ಬೇರೆ. ಎಣ್ಣೆ ಮಾಡಿ ಮಾರೋ ಲಾಭದ ದಾರಿಯಲ್ಲಿ ಬೆಳೆದವನಿಗೆ ಜಾಗ ಎಲ್ಲಿದೆ?

ಅವತ್ತು ಲೈಪ್ಜಿಗ್‌ನವರು ನಮ್ಮಿಂದ ಕೊರಡು ತಗೊಂಡು ಎಣ್ಣೆಯ ಲಾಭ ಇಟ್ಟುಕೊಂಡರು ಅಂತ ನಾವು ಹೇಳ್ತೀವಿ. ಸರಿ. ಇವತ್ತು ಕೋಲಾರದ ರೈತನಿಂದ ಕೊರಡು ತಗೊಂಡು ಎಣ್ಣೆಯ ಲಾಭ ಬೆಂಗಳೂರಲ್ಲಿ ಉಳಿದರೆ, ಆ ರೈತನ ಪಾಲಿಗೆ ನಾವೂ ಲೈಪ್ಜಿಗ್ ಆಗೋದಿಲ್ವಾ?

ಸೋಪಿನ ಜಾಹೀರಾತಿಗೆ ಯಾವ ತಾರೆ ಬೇಕು, ಎಷ್ಟು ಕೋಟಿ ಕೊಡಬೇಕು ಅಂತ ನಾವು ಸ್ಟುಡಿಯೋದಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡಿದ್ದೀವಿ. ಮಾಡಲಿ, ತಪ್ಪಿಲ್ಲ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಅನುಮತಿ ಕಾಗದ ಎಷ್ಟು ದಿನದಲ್ಲಿ ಸಿಗುತ್ತೆ? ಕಳುವಾದ ಮರಕ್ಕೆ ರೈತನಿಗೆ ವಿಮೆ ಇದೆಯಾ? ಬೆಲೆ ಯಾರು ಕಟ್ಟೋದು, ಯಾವ ಆಧಾರದ ಮೇಲೆ? ಹತ್ತು ಹಳ್ಳಿ ಸೇರಿ ಎಣ್ಣೆ ತೆಗೆಯೋ ಸಹಕಾರಿ ಘಟಕ ಮಾಡಿದರೆ ಸರ್ಕಾರ ಬೆನ್ನಿಗೆ ನಿಲ್ಲುತ್ತಾ? 1916ರಲ್ಲಿ ಸಮುದ್ರವೇ ಇಲ್ಲದ ಒಂದು ಸಂಸ್ಥಾನ, ಮಹಾಯುದ್ಧದ ನಡುವೆ, ಎರಡೇ ವರ್ಷದಲ್ಲಿ ಪ್ರಯೋಗಾಲಯದಿಂದ ಕಾರ್ಖಾನೆಗೆ ಹೋಯ್ತು. ನಮ್ಮ ಹತ್ತಿರ ಈಗ ಸಮುದ್ರವೂ ಇದೆ, ಬಂದರೂ ಇದೆ, ವಿಮಾನವೂ ಇದೆ. ಮರ ಒಂದು ಬೆಳೀಬೇಕು. ಅದು ಬೆಳೆಯೋದು ರೈತನ ಹೊಲದಲ್ಲಿ. ಅವನ ಕೈ ಬಿಚ್ಚಿ, ಪರಿಮಳ ತಾನಾಗೇ ಹೊರಡುತ್ತೆ.